ಲೆನ್ಸಿಗೆ ಲಕ್ಷ, ಗೈಡಿಗೆ ಲೆಕ್ಕ

ನಿನ್ನೆ ಸಂಜೆಯಿಂದ ತಲೆ ಕಾದು ಕೂತಿದೆ. "ಫೇಸ್‌ಬುಕ್ಕಲ್ಲೆಲ್ಲ ಬರೀಬೇಡ, ಗುಂಪಿನವರೂ ಓದ್ತಾರೆ" ಅಂತ ನಮ್ಮನೆಯವರು ಎರಡು ಸಲ ಹೇಳಿದರು. ಓದಲಿ ಅಂತಲೇ ಬರೀತಿರೋದು.

ಮೈಸೂರಿನ ನಮ್ಮ ಕುಕ್ಕರಹಳ್ಳಿ ಕೆರೆ ಗುಂಪು ಜನವರಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹಕ್ಕಿ ನೋಡಲು ಹೊರಟಿರೋದು ನಿಮಗೆ ಗೊತ್ತೇ ಇದೆ. ಟೂರ್ ಕಂಪನಿ ಬೇಡ, ಗಾಡಿ ಬಾಡಿಗೆಗೆ ಹಿಡಿದು ನಾವೇ ಓಡಿಸೋಣ ಅಂತ ಮೊದಲೇ ತೀರ್ಮಾನವಾಗಿತ್ತು. ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದು ವಾಕರ್‌ಸ್ಟ್ರೂಮ್ ಹುಲ್ಲುಗಾವಲು, ಅಲ್ಲಿಂದ ಕ್ರೂಗರ್ ಕಾಡು, ಅದರ ಉತ್ತರದ ತುದಿಯ ಪಫೂರಿ, ವಾಪಸ್ ಬರುವಾಗ ಮಗೂಬಾಸ್‌ಕ್ಲೂಫ್. ಖರ್ಚಿನ ಎಕ್ಸೆಲ್ ಶೀಟ್ ಹಿಡಿದು ಗುಂಪಿನ ಹುಡುಗನೊಬ್ಬ ಮನೆಗೆ ಬಂದ. ಐಟಿಯವನು, ಒಳ್ಳೆಯವನೇ, ಹೆಸರು ಬೇಡ. ವಿಮಾನ, ವೀಸಾ, ಗಾಡಿ, ಟೈರು-ಗಾಜಿಗೆ ಹೆಚ್ಚುವರಿ ಇನ್ಶೂರೆನ್ಸ್, ಆಡಿಸ್ ಅಬಾಬಾ ಮೇಲೆ ಹೋದರೆ ಹಳದಿ ಜ್ವರದ ಲಸಿಕೆ, ಹೊಸದಾಗಿ ಕೊಳ್ಳಲಿರುವ ಲೆನ್ಸು, ಎಲ್ಲಕ್ಕೂ ಒಂದೊಂದು ಸಾಲು. "ಲೋಕಲ್ ಗೈಡ್" ಅನ್ನೋ ಸಾಲು ಮಾತ್ರ ಕೆಂಪು ಬಣ್ಣದಲ್ಲಿ, ಎದುರಿಗೆ ಸೊನ್ನೆ.

"ಇದೇನಪ್ಪಾ?" ಅಂದೆ.

"ಅಕ್ಕಾ, ಈಬರ್ಡ್ ಆ್ಯಪ್‌ನಲ್ಲಿ ಪ್ರತಿ ಹಕ್ಕಿಗೂ ಮ್ಯಾಪ್ ಮೇಲೆ ಪಿನ್ ಇದೆ. ಕೂಗು ಕೇಳಿಸಿದ್ರೆ ಮರ್ಲಿನ್ ಆ್ಯಪ್ ಹಕ್ಕಿ ಹೆಸರು ಹೇಳುತ್ತೆ. ಸುಮ್ನೆ ದುಡ್ಡು ಯಾಕೆ? ಅಲ್ಲದೆ ಗಾಡಿಯಲ್ಲಿ ಜಾಗಾನೂ ಇಲ್ಲ, ಆ ಸೀಟಿಗೆ ಕ್ಯಾಮೆರಾ ಬ್ಯಾಗ್ ಇಡಬೇಕು."

ಗೈಡ್ ಕೂರಬೇಕಾದ ಸೀಟಿನಲ್ಲಿ ಬ್ಯಾಗು! ಬ್ಯಾಗಿಗೆ ಸೀಟ್‌ಬೆಲ್ಟೂ ಹಾಕುತ್ತಾರೋ ಏನೋ, ಕೇಳಲಿಲ್ಲ.

ನಾನು ಬ್ಯಾಂಕಿನಲ್ಲಿ ಇದ್ದವಳು. ಜಿಪುಣಿ ಅಂತ ಹೆಸರೂ ಇದೆ, ಅದರಲ್ಲಿ ಸುಳ್ಳಿಲ್ಲ. ವಿಮಾನದ ಊಟಕ್ಕೆ ದುಡ್ಡು ಕೊಡದೆ ಚಪಾತಿ ಕಟ್ಟಿಕೊಂಡು ಹೋಗುವವಳು. ಆದರೆ ಉಳಿಸುವುದಕ್ಕೂ ಒಂದು ಜಾಗ ಅಂತ ಇರುತ್ತೆ. ಲಕ್ಷಗಟ್ಟಲೆಯ ಲೆನ್ಸಿಗೆ ಕಂತು ಕಟ್ಟುವವರು, ಒಂದು ಬೆಳಗಿನ ಗೈಡ್ ಸಂಬಳದ ಹತ್ತಿರ ಬಂದ ತಕ್ಷಣ ಮಿತವ್ಯಯದ ಪಾಠ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತೆ.

ಹಿಂದಿನ ಸಲ ನಾವಿಬ್ಬರೇ ಹೋಗಿದ್ದಾಗಿನ ವಾಕರ್‌ಸ್ಟ್ರೂಮ್ ವಿಷಯ ಹೇಳ್ತೀನಿ ಕೇಳಿ. ಅಲ್ಲಿಯ ವಿಶೇಷ ಎರಡು ನೆಲಗುಬ್ಬಿಗಳು, ರಡ್ಸ್ ಲಾರ್ಕ್ ಮತ್ತು ಬೋಥಾಸ್ ಲಾರ್ಕ್. ಎರಡೂ ದಕ್ಷಿಣ ಆಫ್ರಿಕಾದ ಎತ್ತರದ ಹುಲ್ಲುಗಾವಲು ಬಿಟ್ಟರೆ ಹೆಚ್ಚುಕಮ್ಮಿ ಬೇರೆಲ್ಲೂ ಸಿಗದ, ಅಳಿವಿನ ಭಯದಲ್ಲಿರುವ ಹಕ್ಕಿಗಳು. ನೋಡೋಕೆ ಎರಡೂ ಮಣ್ಣುಬಣ್ಣದ ಗುಬ್ಬಿ, ಅಷ್ಟೆ. ಇವುಗಳಿಗೆ ದನ ಕುರಿ ಮೇಯ್ದು ಗಿಡ್ಡವಾದ ಹುಲ್ಲು ಬೇಕು, ಅಲ್ಲಿನ ಹುಲ್ಲುಗಾವಲೋ ಬಹುತೇಕ ರೈತರ ಸ್ವಂತ ಜಮೀನು. ನಮ್ಮ ಜೊತೆ ಬಂದ ಗೈಡ್ ಆ ಊರಿನವರೇ. ಅವರ ಹತ್ತಿರ ಗಾಡಿ ಇರಲಿಲ್ಲ. ನಮ್ಮ ಗಾಡಿಯಲ್ಲೇ ನನ್ನ ಪಕ್ಕ ಕೂತು ದಾರಿ ಹೇಳುತ್ತಿದ್ದರು. ದಾರೀಲಿ ಒಬ್ಬ ರೈತನಿಗೆ ಫೋನ್ ಮಾಡಿ, ದನಗಳನ್ನು ಈಗ ಯಾವ ಕಡೆಗೆ ಬಿಟ್ಟಿದ್ದೀರಿ ಅಂತ ವಿಚಾರಿಸಿದರು. ಹೋದ ವಾರ ಹಕ್ಕಿ ಇದ್ದ ಜಾಗ ಬಿಟ್ಟು ಬೇರೆ ಬೇಲಿಯ ಹತ್ತಿರ ನಿಲ್ಲಿಸಿ ಅಂದರು. ಯಾಕೆ ಅಂದರೆ, ಮಳೆ ಬಿದ್ದು ಹಳೇ ಜಾಗದಲ್ಲಿ ಹುಲ್ಲು ಎದ್ದುಬಿಟ್ಟಿದೆಯಂತೆ.

ಗಾಡಿ ಆಫ್ ಮಾಡಿ ಕೂತೆವು. ನಮಗೆ ಗಾಳಿ ಸದ್ದು ಬಿಟ್ಟು ಏನೂ ಇಲ್ಲ. ಅವರು ಬೆರಳೆತ್ತಿ ಆಕಾಶ ತೋರಿಸಿದರು. ತುಂಬಾ ಎತ್ತರದಲ್ಲಿ ಒಂದು ಚುಕ್ಕಿ, ಅಲ್ಲಿಂದ ಗುಳುಗುಳು ಅಂತ ಹಾಡು. ಹಕ್ಕಿ ಕೆಳಗಿಳಿದ ಮೇಲೆ, ತಲೆ ದೇಹಕ್ಕಿಂತ ದಪ್ಪ ಅನ್ನಿಸುತ್ತಲ್ಲ, ನೆತ್ತಿಯ ನಡುವೆ ತೆಳು ಬಿಳಿ ಗೆರೆ ನೋಡಿ, ಇದು ರಡ್ಸ್ ಅಂದರು. ಮುಂದೆ ಇನ್ನೂ ಬೋಳಾಗಿ ಮೇಯ್ದ ಕಡೆ ಬೋಥಾಸ್ ಸಿಕ್ಕಿತು, ಗುಲಾಬಿ ಕೊಕ್ಕು. ಈ ಹುಲ್ಲಿನ ಲೆಕ್ಕ ಯಾವ ಪಿನ್ನಿನಲ್ಲಿ ಬರುತ್ತೆ ಸ್ವಾಮಿ? ಪಿನ್ನು ಹೇಳೋದು ಹಿಂದೆ ಯಾವತ್ತೋ ಹಕ್ಕಿ ಎಲ್ಲಿತ್ತು ಅಂತ. ದನ ಇವತ್ತು ಎಲ್ಲಿ ಮೇಯುತ್ತಿದೆ ಅಂತ ಅದಕ್ಕೆ ಯಾರು ಹೇಳಬೇಕು? ಆ ರೈತನ ಗೇಟನ್ನು ಮರ್ಲಿನ್ ಬಂದು ತೆಗೆಸುತ್ತಾ?

ಇಂಥವರು ತಾವಾಗಿ ಹುಟ್ಟಿಕೊಂಡವರಲ್ಲ. ಬರ್ಡ್‌ಲೈಫ್ ಸೌತ್ ಆಫ್ರಿಕಾ ಸಂಸ್ಥೆ ಊರೂರಿನ ಜನರಿಗೆ ತರಬೇತಿ ಕೊಟ್ಟು ಗೈಡ್ ಮಾಡಿದೆ. ಹಕ್ಕಿಯಿಂದ ಊರಿಗೆ ನಾಲ್ಕು ಕಾಸು ಬಂದರೆ ತಾನೇ ಹುಲ್ಲುಗಾವಲು ಹುಲ್ಲುಗಾವಲಾಗಿ ಉಳಿಯೋದು? ಅವರಿಗೆ ಬೇಕಾಗಿರೋದೂ ನಮ್ಮಂಥ, ಸ್ವಂತ ಗಾಡಿಯಲ್ಲಿ ಒಂದು ಸೀಟು ಖಾಲಿ ಇಟ್ಟುಕೊಂಡು ಬರುವ ಗಿರಾಕಿಗಳೇ. ನಾವೋ, ಅದರಲ್ಲಿ ಬ್ಯಾಗ್ ಕೂರಿಸ್ತೀವಿ.

"ಹಾಗಾದ್ರೆ ಪೂರ್ತಿ ಪ್ಯಾಕೇಜ್ ತಗೊಳ್ಳಿ, ದಿನಾ ಗೈಡ್ ಇರ್ತಾರೆ. ನಾವೇ ಹುಡುಕಿ ನೋಡೋ ಮಜಾ ಹೋಗುತ್ತಷ್ಟೆ" ಅಂತ ಇನ್ನೊಬ್ಬರ ಕುಹಕ. ಮಜಾ ಇದೆ, ಒಪ್ಪಿದೆ. ಅದಕ್ಕೇ ಅಲ್ವಾ ಕ್ರೂಗರ್‌ಗೆ ಗೈಡ್ ಬೇಡ ಅಂತ ನಾನೇ ಹೇಳಿದ್ದು! ನಮ್ಮ ನಾಗರಹೊಳೆಯಲ್ಲಿ ಸಫಾರಿಗೆ ಇಲಾಖೆಯ ಜೀಪು ಬಸ್ಸು ಬಿಟ್ಟರೆ ಗತಿಯಿಲ್ಲ. ಕ್ರೂಗರ್‌ನಲ್ಲಿ ಸುಮಾರು 360 ಕಿಲೋಮೀಟರ್ ಉದ್ದದ ಕಾಡಿನಲ್ಲಿ ನಮ್ಮದೇ ಗಾಡಿ, ನಮ್ಮದೇ ಥರ ಎಡಗಡೆ ಡ್ರೈವಿಂಗ್. ಟಾರು ರಸ್ತೆಯಲ್ಲಿ 50, ಮಣ್ಣು ರಸ್ತೆಯಲ್ಲಿ 40ರ ಮಿತಿ, ಹೇಳಿದ ಜಾಗ ಬಿಟ್ಟು ಬೇರೆಲ್ಲೂ ಕೆಳಗಿಳಿಯೋ ಹಾಗಿಲ್ಲ. ಕೈಗೆಟಕುವಷ್ಟು ಹತ್ತಿರದಲ್ಲಿ ನೀಲಕಂಠ ಕೂತಿರುತ್ತೆ, ನೆಲದ ಮೇಲೆ ನಡೆಯುವ ಕರೀ ಮಂಗಟ್ಟೆಗಳು ರಸ್ತೆ ದಾಟುತ್ತವೆ. ಅದಕ್ಕೆ ಯಾರ ಸಹಾಯವೂ ಬೇಡ, ತಾಳ್ಮೆ ಇದ್ದರೆ ಸಾಕು. ಹೆದ್ದಾರಿಯ ತಂತಿ ಮೇಲೆ ಅಮುರ್ ಫಾಲ್ಕನ್ ಸಾಲಾಗಿ ಕೂತಿರುತ್ತಲ್ಲ, ನಾಗಾಲ್ಯಾಂಡ್ ಮೇಲಿಂದ ಹೊರಟು ಅರಬ್ಬೀ ಸಮುದ್ರ ದಾಟಿ ಬಂದಿರುವ ಪುಟ್ಟ ಜೀವ, ಅದನ್ನೂ ನಾವೇ ನೋಡಬಹುದು. ಬೇಕಾಗಿರೋದು ದಿನಾ ಗೈಡ್ ಅಲ್ಲ, ಬೇಕಾದ ಕಡೆ ಗೈಡ್. ವಾಕರ್‌ಸ್ಟ್ರೂಮ್‌ಗೆ ಒಬ್ಬರು, ಕೇಪ್ ಪ್ಯಾರಟ್ ಹುಡುಕಲು ಮಗೂಬಾಸ್‌ಕ್ಲೂಫ್‌ನಲ್ಲಿ ಒಬ್ಬರು, ಪಫೂರಿಯ ಲುವುವು ನದೀ ದಡದಲ್ಲಿ ದೊಡ್ಡ ಮೀನುಗೂಬೆಗೆ ಒಬ್ಬರು. ಮೂರು ಬೆಳಗು. ಇದಕ್ಕೂ ಸೊನ್ನೆಯಾ?

ಎಲ್ಲಾ ಗೈಡ್‌ಗಳೂ ಸಾಚಾ ಅಂತ ನಾನೇನೂ ಹೇಳಲ್ಲ. ಮೊಬೈಲಿನಲ್ಲಿ ಕೂಗು ಹಾಕಿ ಹಾಕಿ ಹಕ್ಕಿಯ ಪ್ರಾಣ ತಿನ್ನುವವರೂ ಇದ್ದಾರೆ. ಸರಿ, ಅಂಥವರನ್ನು ಬಿಡಿ, ವಿಚಾರಿಸಿ ಒಳ್ಳೆಯವರನ್ನು ಹಿಡಿಯಿರಿ. ಅದನ್ನೇ ನೆಪ ಮಾಡಿ ಸಾಲನ್ನೇ ಅಳಿಸೋದು ಯಾವ ನ್ಯಾಯ?

ಇನ್ನೊಂದು ಮಾತು, ಇದು ಹೆಚ್ಚು ಚುಚ್ಚೋದು. ಗಣೇಶಗುಡಿಯಲ್ಲಿ ದೂರದ ಊರಿನವರೊಬ್ಬರು ಅಲ್ಲಿಯ ಹುಡುಗನ ಹತ್ತಿರ ಫ್ರಾಗ್‌ಮೌತ್ ತೋರಿಸಿಕೊಂಡು, ಮನಸಾರೆ ಫೋಟೋ ಹೊಡೆದು, ಕೈಗೆ ಐವತ್ತು ರೂಪಾಯಿ ತುರುಕಿ ಹೊರಟಾಗ ಇದೇ ನಮ್ಮ ಗುಂಪು ಅವರ ಮೇಲೆ ಎಗರಾಡಿತ್ತು. ಒಣಗಿದ ಎಲೆಯ ಹಾಗೆ ಕೂತ ಆ ಹಕ್ಕಿಯನ್ನು ಆ ಹುಡುಗ ದಿನಾ ಹೋಗಿ ಹೋಗಿ ಕಂಡುಹಿಡಿದಿದ್ದು, ಅವನ ಶ್ರಮಕ್ಕೆ ಬೆಲೆ ಇಲ್ಲವಾ ಅಂತ. ನಮ್ಮ ಗಣೇಶಗುಡಿ ಹುಡುಗನ ಕಣ್ಣಿಗೆ ಬೆಲೆ ಇದೆ, ವಾಕರ್‌ಸ್ಟ್ರೂಮಿನವರ ಕಿವಿಗೆ ಇಲ್ಲ. ಚೆನ್ನಾಗಿದೆ ಲೆಕ್ಕ.

ಇರಲಿ. ನಮ್ಮ ಲೈಸೆನ್ಸ್ ಇಂಗ್ಲಿಷ್‌ನಲ್ಲಿ ಇರೋದರಿಂದ ಅಲ್ಲಿ ನಡೆಯುತ್ತೆ. ಆದರೂ ಬಾಡಿಗೆ ಗಾಡಿಯವರು ಕೇಳಿದರೆ ಅಂತ ಆರ್‌ಟಿಒಗೆ ಹೋಗಿ 1000 ರೂಪಾಯಿ ಕಟ್ಟಿ ಐಡಿಪಿ, ಅಂದರೆ ಹೊರದೇಶದಲ್ಲಿ ಗಾಡಿ ಓಡಿಸೋ ಪರ್ಮಿಟ್, ಮಾಡಿಸಿರುವವಳು ಸದ್ಯಕ್ಕೆ ಗುಂಪಿನಲ್ಲಿ ನಾನೊಬ್ಬಳೇ. ಮ್ಯಾಪ್ ಹಿಡಿಯುವವರು ನಮ್ಮನೆಯವರು, ಅವರ ವೋಟು ಯಾವ ಕಡೆ ಅಂತ ಹೇಳಬೇಕಾಗಿಲ್ಲ. ಹಾಗಾಗಿ ನಿನ್ನೆ ರಾತ್ರಿಯೇ ಮೂರೂ ಕಡೆಗೆ ಮೇಲ್ ಹಾಕಿದೆ. ಮಗೂಬಾಸ್‌ಕ್ಲೂಫ್‌ನವರ ಉತ್ತರ ಬೆಳಿಗ್ಗೆಯೇ ಬಂತು. ಗಿಳಿಗಳು ಬೆಳಕು ಹರಿಯುತ್ತಲೇ ಹಾರಿಹೋಗುತ್ತವೆ, ನಾಲ್ಕೂವರೆಗೆ ರೆಡಿ ಇರ್ತೀರಾ ಅಂತ ಕೇಳಿದ್ದಾರೆ. ಇರ್ತೀವಿ ಅಂತ ಬರೆದುಬಿಟ್ಟಿದೀನಿ. ಕುಕ್ಕರಹಳ್ಳಿಗೇ ಏಳೂವರೆಗೆ ಕಣ್ಣುಜ್ಜಿಕೊಂಡು ಬರುವ ಮಹನೀಯರು ಇವತ್ತಿಂದಲೇ ಅಲಾರಂ ಇಡೋದು ಒಳ್ಳೆಯದು.