ಟ್ಯಾಂಕ್ ಚಿಕ್ಕದಿದ್ರೆ ಮೀನೂ ಚಿಕ್ಕದಾಗೇ ಉಳಿಯುತ್ತಾ?

ಮೀನು ಟ್ಯಾಂಕ್ ಸೈಜಿಗೆ ತಕ್ಕಷ್ಟೇ ಬೆಳೆಯುತ್ತೆ, ಹಾಗಾಗಿ ಚಿಕ್ಕ ಉಪ್ಪುನೀರಿನ ಅಕ್ವೇರಿಯಂಗೆ ಯಾವ ಮರಿ ಬಿಟ್ರೂ ನಡೆಯುತ್ತೆ ಅನ್ನೋ ಫಾರ್ವರ್ಡ್ ಮತ್ತೆ ಮತ್ತೆ ಬರ್ತಾನೇ ಇರುತ್ತೆ. ಇದು ನಿಜ ಅಲ್ಲ. ಇಕ್ಕಟ್ಟಾದ ಟ್ಯಾಂಕಲ್ಲಿ ಕೆಲವು ಮೀನು ಸರಿಯಾಗಿ ಬೆಳೆಯದೇ ಇರೋದುಂಟು, ಅದನ್ನ ನೋಡೇ ಜನ ನಂಬ್ತಾರೆ, ಆದ್ರೆ ಅದು ಕೆಟ್ಟ ನೀರು, ಒತ್ತಡದಿಂದ ಆಗೋ ತೊಂದರೆ, ಪಾಪ ಆಯಸ್ಸೂ ಕಮ್ಮಿ ಆಗುತ್ತೆ. ಉದಾಹರಣೆಗೆ ಬ್ಲೂ ಟ್ಯಾಂಗ್ ಅನ್ನೋ ಸಮುದ್ರದ ಮೀನು ನೋಡಿ, ಬೆರಳುದ್ದದ ಮರಿ ಬೆಳೆದ್ರೆ ಸುಮಾರು 30 ಸೆಂ.ಮೀ. ಆಗುತ್ತೆ, ದಿನವಿಡೀ ಓಡಾಡೋ ಮೀನದು. ಒಸೆಲ್ಲಾರಿಸ್ ಕ್ಲೌನ್‌ಫಿಶ್ 10 ಸೆಂ.ಮೀ. ಆಸುಪಾಸಲ್ಲೇ ನಿಲ್ಲುತ್ತೆ, ತನ್ನ ಜಾಗ ಬಿಟ್ಟು ದೂರ ಹೋಗೋದು ಕಮ್ಮಿ, ಚಿಕ್ಕ ಟ್ಯಾಂಕಿಗೆ ಇಂಥದ್ದೇ ವಾಸಿ. ಚೆಕ್ ಮಾಡೋದೂ ಸುಲಭ, ಮೀನಿನ ವೈಜ್ಞಾನಿಕ ಹೆಸರು ಕೇಳ್ಕೊಂಡು ಫಿಶ್‌ಬೇಸ್ ಥರದ ಡೇಟಾಬೇಸಲ್ಲಿ ಗರಿಷ್ಠ ಉದ್ದ ಎಷ್ಟು ಅಂತ ನೋಡಿ. ಯಾವ ಮೀನು ಅಂತಾನೇ ಹೇಳದ ಮೆಸೇಜ್ ಬಂದ್ರೆ ಮುಂದಕ್ಕೆ ಕಳ್ಸೋ ಮುಂಚೆ ಇದೊಂದು ನೋಡ್ಕೊಳ್ಳಿ.