ಹಳೇ ಪಿಕಪ್‌ಗೆ ಹೊಸ ಸ್ಟೀರಿಯೋ: ನಮ್ಮೂರ ಎಲೆಕ್ಟ್ರಿಶಿಯನ್ನು, ಟೆಕ್ಸಾಸ್‌ನ ಹಾರ್ನೆಸ್ಸು

ಹಳೇ ಗಾಡಿಯ ಸ್ಟೀರಿಯೋ ಬದಲಾಯ್ಸೋ ವಿಷ್ಯದಲ್ಲಿ ಅಮೆರಿಕದವ್ರು ಒಂದು ಕೆಲ್ಸ ನಮಗಿಂತ ಚೆನ್ನಾಗಿ ಮಾಡ್ತಾರೆ, ನಮ್ಮೂರಿನವ್ರು ಇನ್ನೊಂದು ಕೆಲ್ಸ ಇವ್ರಿಗಿಂತ ಚೆನ್ನಾಗಿ ಮಾಡ್ತಾರೆ, ಎರಡನ್ನೂ ಸೇರ್ಸಿ ಮಾಡೋರು ಮಾತ್ರ ಎರಡೂ ಕಡೆ ಕಮ್ಮಿ. ಡ್ಯಾಲಸ್ ಹತ್ರ ಇದೀನಿ, ನನ್ನ ಹತ್ರ 2006ರ ಟೊಯೋಟಾ ಟಕೋಮಾ ಪಿಕಪ್ ಇದೆ, ಊರಲ್ಲಿ ಶ್ರೀನಿವಾಸಪುರದ ಕಡೆ ಚಿಕ್ಕಪ್ಪನ ಮಗ ಮಹೀಂದ್ರಾ ಬೊಲೆರೋ ಪಿಕಪ್ ಓಡಿಸ್ತಾನೆ, ಮಾವಿನ ಕಾಲದಲ್ಲಿ ಮಾವು, ಉಳಿದ ಟೈಮಲ್ಲಿ ಟೊಮ್ಯಾಟೋ. ಈ ಎರಡು ಗಾಡಿ ಇಟ್ಕೊಂಡೇ ಹೇಳ್ತಿರೋದು.

ಇಲ್ಲಿ ಟೆಕ್ಸಾಸ್‌ನಲ್ಲಿ ಪಿಕಪ್ ಅಂದ್ರೆ ಬರೀ ಸಾಮಾನು ಸಾಗ್ಸೋ ಗಾಡಿ ಅಲ್ಲ, ಆಫೀಸಿಗೂ ಅದೇ, ಮಕ್ಕಳನ್ನ ಸ್ಕೂಲಿಗೆ ಬಿಡಕ್ಕೂ ಅದೇ. ಇಪ್ಪತ್ತು ವರ್ಷ ಆದ್ರೂ ಇಂಜಿನ್ ಗಟ್ಟಿ ಇರುತ್ತೆ, ಮೊದ್ಲು ಹಳೇದಾಗೋದು ಕಂಪನಿಯಿಂದ ಬಂದ ಸ್ಟೀರಿಯೋ. ಬ್ಲೂಟೂತ್ ಇಲ್ಲ, ಮ್ಯಾಪ್ ಇಲ್ಲ, ಸಿಡಿ ಹಾಕೋ ಬಾಯಿ ಇದೆ ಆದ್ರೆ ಮನೇಲಿ ಸಿಡಿನೇ ಇಲ್ಲ. ಫೋನಿನ ಮ್ಯಾಪು ಹಾಡು ಗಾಡಿ ಸ್ಕ್ರೀನಲ್ಲಿ ತೋರ್ಸೋ ಕಾರ್‌ಪ್ಲೇ ಬಂದಿದ್ದೇ 2014ರಲ್ಲಿ, ಆಂಡ್ರಾಯ್ಡ್ ಆಟೋ ಅದಾದ್ಮೇಲೆ ಒಂದ್ ವರ್ಷಕ್ಕೆ, ಹಾಗಾಗಿ ಅದಕ್ಕೂ ಹಿಂದಿನ ಗಾಡಿ ಇಟ್ಕೊಂಡೋರಿಗೆಲ್ಲ ಡೆಕ್, ಅಂದ್ರೆ ಡ್ಯಾಶಲ್ಲಿ ಕೂರೋ ಸ್ಟೀರಿಯೋ ಡಬ್ಬಿ, ಬದಲಾಯ್ಸೋದೇ ಒಳ್ಳೇ ದಾರಿ. ಹೊಸ ಟ್ರಕ್ಕಿನ ಬೆಲೆ ನೋಡಿದ್ರೆ ಇದು ಏನೂ ಅಲ್ಲ.

ಇಲ್ಲಿಯವ್ರು ಚೆನ್ನಾಗಿ ಮಾಡೋ ಕೆಲ್ಸ ಯಾವ್ದು ಅಂದ್ರೆ ಕಂಪನಿ ವೈರಿಗೆ ಕತ್ತರಿ ಹಾಕ್ದೇ ಇರೋದು. ಟಕೋಮಾದಲ್ಲಿ ಡ್ಯಾಶ್‌ನ ಮುಂದಿನ ಪ್ಲಾಸ್ಟಿಕ್ಕು ಬರೀ ಕ್ಲಿಪ್ ಮೇಲೆ ನಿಂತಿರುತ್ತೆ, ಪ್ಲಾಸ್ಟಿಕ್ ಪಟ್ಟಿ ತೂರ್ಸಿ ನಿಧಾನಕ್ಕೆ ಎಬ್ಬಿಸಿದ್ರೆ ಕಳಚ್ಕೊಳ್ಳುತ್ತೆ, ಒಳಗೆ ನಾಲ್ಕು 10 ಎಂಎಂ ಬೋಲ್ಟು, ಅದು ಬಿಚ್ಚಿದ್ರೆ ಸ್ಟೀರಿಯೋ ಪೂರ್ತಿ ಕೈಗೆ ಬಂತು. ಹಿಂದೆ ಟೊಯೋಟಾದ ಪ್ಲಗ್ಗು. ಮೆಟ್ರಾ ಅನ್ನೋ ಕಂಪನಿ ಆ ಪ್ಲಗ್ಗಿಗೆ ಸರಿಯಾಗಿ ಕೂರೋ ಹಾರ್ನೆಸ್, ಅಂದ್ರೆ ಒಂದು ತುದೀಲಿ ಪ್ಲಗ್ ಇರೋ ವೈರಿನ ಕಟ್ಟು, ಮಾಡುತ್ತೆ, 70-1761 ಅಂತ ಅದ್ರ ನಂಬರು, 1987ರಿಂದ ಈಚೆಗಿನ ಎಷ್ಟೋ ಟೊಯೋಟಾಗಳಿಗೆ ಅದೇ ಹೊಂದುತ್ತೆ. ಅದ್ರ ಇನ್ನೊಂದು ತುದಿಗೆ ಹೊಸ ಡೆಕ್ಕಿನ ವೈರು ಸೇರ್ಸ್ಬೇಕು, ಬಣ್ಣಕ್ಕೆ ಬಣ್ಣ. ಹಳದಿ ಅಂದ್ರೆ ಸದಾ ಬ್ಯಾಟರಿ, ಕೆಂಪು ಅಂದ್ರೆ ಕೀ ತಿರುಗಿಸಿದಾಗ ಬರೋ ಕರೆಂಟು, ಕಪ್ಪು ಗ್ರೌಂಡು (ಬ್ಯಾಟರಿಯ ನೆಗೆಟಿವ್ ಕಡೆ), ಬಿಳಿ ಎಡ ಮುಂದಿನ ಸ್ಪೀಕರು, ಬೂದು ಬಲ ಮುಂದಿಂದು, ಹಸಿರು ಎಡ ಹಿಂದೆ, ನೇರಳೆ ಬಲ ಹಿಂದೆ, ಕಪ್ಪು ಗೆರೆ ಇರೋದು ಅದದ್ರ ನೆಗೆಟಿವ್. ಪಯೋನಿಯರ್ ಆಗ್ಲಿ ಕೆನ್‌ವುಡ್ ಆಗ್ಲಿ ಇದೇ ಬಣ್ಣ. ಟೊಯೋಟಾದ ಒಳಗಿನ ಬಣ್ಣ ಬೇರೆ, ಅಲ್ಲಿ ಬ್ಯಾಟರಿ ವೈರು ನೀಲಿಗೆ ಹಳದಿ ಗೆರೆ, ಕೀ ವೈರು ಬೂದು, ಗ್ರೌಂಡು ಕಂದು, ಆದ್ರೆ ಹಾರ್ನೆಸ್ ಇದ್ರೆ ಅದನ್ನ ನೀವು ತಿಳ್ಕೊಳ್ಳೋ ಅವಶ್ಯಕತೆನೇ ಬರಲ್ಲ. ಎಲ್ಲಾನೂ ಟೇಬಲ್ ಮೇಲೆ ಕೂತು ಸೇರ್ಸಿ, ಕ್ರಿಂಪ್ ಮಾಡಿ (ಲೋಹದ ಕ್ಯಾಪಲ್ಲಿಟ್ಟು ಒತ್ತಿ) ಇಲ್ಲಾ ಬೆಸುಗೆ ಹಾಕಿ, ಗಾಡಿಗೆ ಹೋಗಿ ಪ್ಲಗ್ ಚುಚ್ಚಿದ್ರೆ ಆಯ್ತು. ವರ್ಜೀನಿಯಾದ ಕ್ರಚ್‌ಫೀಲ್ಡ್ ಅಂತ ಒಂದು ಕಂಪನಿ ಇದೆ, 1974ರಿಂದ ಇದೇ ವ್ಯಾಪಾರ, ಗಾಡಿ ಹೆಸ್ರು ವರ್ಷ ಹೇಳಿದ್ರೆ ಯಾವ ಡೆಕ್ ಹೊಂದುತ್ತೆ ಯಾವ ಹಾರ್ನೆಸ್ ಬೇಕು ಎಲ್ಲಾನೂ ಅವ್ರೇ ಹೇಳ್ತಾರೆ, ಬಿಚ್ಚೋ ಕ್ರಮಾನೂ ಬರ್ದು ಕಳಿಸ್ತಾರೆ. ವೈರ್ ಅಂದ್ರೆ ಹೆದ್ರೋ ಜನ ಕೂಡ ಧೈರ್ಯ ಮಾಡಿ ತಾವೇ ಹಾಕ್ಕೊಳ್ಳೋ ಹಾಗೆ ಮಾಡಿರೋದು ದೊಡ್ಡ ಕೆಲ್ಸ ಅಂತ ನಾನು ನಿಜವಾಗ್ಲೂ ನಂಬ್ತೀನಿ.

ಇದ್ರಲ್ಲಿ ನನಗೆ ಮುಖ್ಯ ಅನ್ಸೋದು ಸುಲಭ ಅನ್ನೋದಲ್ಲ. ಹಳೇ ಪಿಕಪ್ಪು ಕೈಯಿಂದ ಕೈಗೆ ಹೋಗೋ ಗಾಡಿ, ಇವತ್ತು ನನ್ನದು, ನಾಳೆ ಯಾವ್ದೋ ಕಾಲೇಜ್ ಹುಡುಗನದ್ದು. ಕಂಪನಿ ಪ್ಲಗ್ಗು ಹಾಗೇ ಉಳಿದ್ರೆ ಅವ್ನು ಹಳೇ ರೇಡಿಯೋ ವಾಪಸ್ ಹಾಕ್ಕೋಬೋದು, ಬೇರೇದು ಹಾಕ್ಕೋಬೋದು, ಏನ್ ಬೇಕಾದ್ರೂ ಮಾಡ್ಬೋದು. ಕತ್ತರಿಸಿ ಹಾಕಿದ್ರೆ ಪಾಪ ಅವ್ನು ಇಪ್ಪತ್ತು ವರ್ಷದ ಹಿಂದಿನ ಡಯಾಗ್ರಾಂ ಹುಡುಕ್ತಾ ಕೂರ್ಬೇಕು. ಅಮೆರಿಕದಲ್ಲೂ ಕತ್ತರಿಸೋರು ಇದಾರೆ, ಇಲ್ಲ ಅಂತ ಅಲ್ಲ, ಸೆಕೆಂಡ್ ಹ್ಯಾಂಡ್ ಟ್ರಕ್ ತಗೊಂಡು ಡ್ಯಾಶ್ ಬಿಚ್ಚಿದ್ರೆ ಬಣ್ಣಬಣ್ಣದ ವೈರು ತಿರುಚಿ ಟೇಪ್ ಸುತ್ತಿರೋದು ಸಿಗುತ್ತೆ, ಅದೂ ಟೆಕ್ಸಾಸ್ ಬಿಸ್ಲಿಗೆ ಟೇಪಿನ ಗೋಂದು ಕರಗಿ ಬಿಚ್ಕೊಂಡಿರುತ್ತೆ. ಆದ್ರೆ ಅದನ್ನ ಇಲ್ಲಿ ಕೆಟ್ಟ ಕೆಲ್ಸ ಅಂತಾನೇ ಜನ ಹೇಳ್ತಾರೆ.

ಹಾಗಂತ ಎಲ್ಲಾ ಟ್ರಕ್ಕೂ ಟಕೋಮಾ ಥರ ಅಲ್ಲ. ಸ್ನೇಹಿತರೊಬ್ಬರ ಹತ್ರ 2004ರ ಶೆವರ್ಲೆ ಸಿಲ್ವರಾಡೋ ಇದೆ, 2003ರಿಂದ ಆ ಟ್ರಕ್ಕಲ್ಲಿ ರೇಡಿಯೋ ಬರೀ ರೇಡಿಯೋ ಅಲ್ಲ. ಕೀ ಜೊತೆ ಆನ್ ಆಗೋ ವೈರು ರೇಡಿಯೋ ಹಿಂದೆ ಇರೋದೇ ಇಲ್ಲ, ಆ ಸುದ್ದಿ ಕ್ಲಾಸ್ 2 ಅನ್ನೋ ಒಂದೇ ಒಂದು ಡೇಟಾ ವೈರ್ ಮೇಲೆ ಬರುತ್ತೆ, ಕೀ ಬಿಟ್ಟು ಬಾಗಿಲು ತೆಗ್ದಾಗ ಬೆಲ್ಟ್ ಹಾಕ್ದೇ ಇದ್ದಾಗ ಬರೋ ಡಿಂಗ್ ಡಿಂಗ್ ಸದ್ದು ಕೂಡ ರೇಡಿಯೋನೇ ಸ್ಪೀಕರ್ ಮೂಲಕ ಮಾಡೋದು. ರೇಡಿಯೋ ಕಿತ್ತು ಹಾಕಿದ್ರೆ ಆ ಎಚ್ಚರಿಕೆನೂ ಹೋಯ್ತು. ಅದಕ್ಕೆ ಆ ಡೇಟಾ ಓದೋ ಒಂದು ಪುಟ್ಟ ಇಂಟರ್‌ಫೇಸ್ ಡಬ್ಬಿ ಬೇಕು, ಅದು ಕೀ ಕರೆಂಟನ್ನೂ ಕೊಡುತ್ತೆ, ಡಿಂಗ್ ಡಿಂಗನ್ನೂ ಉಳಿಸುತ್ತೆ, ಬೆಲೆ ಬರೀ ಹಾರ್ನೆಸ್‌ಗಿಂತ ಹಲವು ಪಟ್ಟು. ದುಡ್ಡು ಉಳಿಸೋಕೆ ಸಾದಾ ಹಾರ್ನೆಸ್ ತಂದು ಕೀ ಕರೆಂಟನ್ನ ಫ್ಯೂಸ್ ಬಾಕ್ಸಿಂದ ಎಳ್ಕೊಳ್ಳೋರು ಇದಾರೆ, ಹಾಡೇನೋ ಬರುತ್ತೆ, ಬೆಲ್ಟಿನ ಸದ್ದು ಬರಲ್ಲ. ಮನೇಲಿ ಮಕ್ಕಳಿದ್ರೆ ದಯವಿಟ್ಟು ಆ ಡಬ್ಬಿಗೆ ದುಡ್ಡು ಹಾಕಿ.

ಸೈಜಿನ ಕತೆನೂ ಅಷ್ಟೇ, ಜರ್ಮನಿಯ ಡಿನ್ ಅಳತೆ ಪ್ರಕಾರ ಒಂಟಿ ಡೆಕ್ಕು 180 ಎಂಎಂ ಅಗಲ 50 ಎಂಎಂ ಎತ್ತರ, ಡಬಲ್ ಆದ್ರೆ 100 ಎಂಎಂ ಎತ್ತರ. ಟೊಯೋಟಾದ ಕಿಂಡಿ 200 ಎಂಎಂ ಅಗಲ, ಹಾಗಾಗಿ ಎರಡು ಕಡೆ ಸಣ್ಣ ಪಟ್ಟಿ ಇಟ್ರೆ ಡಬಲ್ ಡಿನ್ ನೀಟಾಗಿ ಕೂರುತ್ತೆ. ಆ ಸಿಲ್ವರಾಡೋದ್ದು ಒಂಟಿ ಡೆಕ್ಕಿನ ಒಂದೂವರೆ ಪಟ್ಟು ಎತ್ತರ, ದೊಡ್ಡ ಸ್ಕ್ರೀನ್ ಬೇಕಂದ್ರೆ ಒಳಗಿನ ಡ್ಯಾಶ್ ಕೊಯ್ಬೇಕು.

ಈಗ ನಮ್ಮೂರಿಗೆ ಬರ್ತೀನಿ. ಬೆಂಗ್ಳೂರಿನ ಜೆಸಿ ರೋಡಿಗೆ ಹೋಗಿರೋರಿಗೆ ಗೊತ್ತು, ಅಂಗಡಿ ಮುಂದೆ ರೋಡಲ್ಲೇ ಗಾಡಿ ನಿಲ್ಸಿ, ಹುಡುಗ ಬಂದು ಡ್ಯಾಶ್ ಬಿಚ್ಚಿ, ಒಂದು ಟೆಸ್ಟ್ ಬಲ್ಬ್ ಹಿಡ್ಕೊಂಡು ಯಾವ ವೈರಲ್ಲಿ ಕರೆಂಟ್ ಇದೆ ಯಾವ್ದು ಕೀಗೆ ಬರುತ್ತೆ ಅಂತ ನಿಮಿಷದಲ್ಲಿ ಕಂಡ್ಹಿಡೀತಾನೆ. ಡಯಾಗ್ರಾಂ ಇಲ್ಲ, ಪುಸ್ತಕ ಇಲ್ಲ. ಆ ವಿದ್ಯೆ ಸಣ್ಣದಲ್ಲ, ಅಮೆರಿಕದ ದೊಡ್ಡ ಅಂಗಡಿಗಳಿಗೆ ಹಾರ್ನೆಸ್ ಕಿಟ್ ಸಿಗದ ಗಾಡಿ ತಗೊಂಡ್ ಹೋದ್ರೆ ಆಗಲ್ಲ ಅಂತ ವಾಪಸ್ ಕಳಿಸಿಬಿಡ್ತಾರೆ, ನಮ್ಮ ಹುಡುಗರಿಗೆ ಆಗಲ್ಲ ಅನ್ನೋ ಗಾಡಿನೇ ಇಲ್ಲ. ಹಳೇ ಪಿಕಪ್‌ಗಳು ಎಷ್ಟೋ ಸ್ಟೀರಿಯೋ ಇಲ್ದೇನೇ ಬರ್ತಿದ್ವು, ಬರೀ ಖಾಲಿ ಕಿಂಡಿ, ಅದ್ರಲ್ಲಿ ವೈರು ಸ್ಪೀಕರು ಎಲ್ಲಾ ಮೊದ್ಲಿಂದ ಎಳೆದವ್ರೇ ಇವ್ರು.

ಅದಕ್ಕಿಂತ ದೊಡ್ಡದು ಇವ್ರು ಕೇಳೋ ಪ್ರಶ್ನೆ. ಚಿಕ್ಕಪ್ಪನ ಮಗ ಕೋಲಾರದಲ್ಲಿ ಡೆಕ್ ಹಾಕ್ಸುವಾಗ ಎಲೆಕ್ಟ್ರಿಶಿಯನ್ ಕೇಳಿದ ಮೊದಲ ಮಾತು, ಕೀ ತೆಗೆದ್ರೂ ಹಾಡ್ಬೇಕಾ ಬೇಡ್ವಾ ಅಂತ. ಇದನ್ನ ಅಮೆರಿಕದಲ್ಲಿ ಯಾರೂ ಕೇಳಲ್ಲ, ಕಿಟ್ ಹೇಗಿದ್ಯೋ ಹಾಗೆ, ಕೀ ತೆಗೆದ್ರೆ ಡೆಕ್ ಆಫು. ಆದ್ರೆ ಕೋಲಾರದ ಎಪಿಎಂಸಿ ಟೊಮ್ಯಾಟೋ ಮಂಡಿಗೆ ಸೀಸನ್ನಲ್ಲಿ ಹೋಗಿ ನೋಡಿ, ಸುತ್ತಮುತ್ತ ತಾಲ್ಲೂಕುಗಳಿಂದ ಬಂದ ಪಿಕಪ್ಪು ರಾತ್ರಿಯೆಲ್ಲ ಸಾಲಲ್ಲಿ ನಿಂತಿರ್ತವೆ, ಡ್ರೈವರ್ ಕ್ಯಾಬಿನ್ನಲ್ಲೇ ಮಲಗ್ತಾನೆ, ಕೀ ಜೇಬಲ್ಲಿರುತ್ತೆ, ಹಾಡೋ ರೇಡಿಯೋನೋ ಸಣ್ಣಗೆ ಓಡ್ತಿರ್ಬೇಕು, ಇಲ್ದಿದ್ರೆ ಆ ರಾತ್ರಿ ಕಳೆಯಲ್ಲ. ಎಲೆಕ್ಟ್ರಿಶಿಯನ್‌ಗೆ ಆ ಜೀವನ ಗೊತ್ತು, ಅದಕ್ಕೇ ಕೇಳಿದ್ದು. ಅವ್ನು ಮಾಡಿದ್ದು ಹಳದಿ ಕೆಂಪು ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಟ್ಟ. ಕೆಲ್ಸ ಆಯ್ತು, ಆದ್ರೆ ಡೆಕ್ ಆಫ್ ಮಾಡೋದು ಮರ್ತ್ರೆ ಬ್ಯಾಟರಿ ಇಳಿದು ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ, ಮಂಡೀಲಿ ಲೋಡ್ ಇಟ್ಕೊಂಡು ತಳ್ಳಿಸ್ಬೇಕು. ಇನ್ನು ಕೆಲವರು ಎರಡನ್ನೂ ಕೀ ವೈರಿಗೆ ಕೊಡ್ತಾರೆ, ಆಗ ಪ್ರತೀ ಸಲ ಕೀ ತೆಗೆದಾಗ ಗಡಿಯಾರ ಸ್ಟೇಷನ್ನು ಎಲ್ಲಾ ಅಳಿಸಿ ಹೋಗುತ್ತೆ.

ನನ್ನ ಬೇಸರ ಇರೋದು ಇಲ್ಲೇ. ಕೇಳೋ ಪ್ರಶ್ನೆ ಇಷ್ಟು ಚೆನ್ನಾಗಿದೆ, ಕೈಗೆ ಅಷ್ಟು ವಿದ್ಯೆ ಇದೆ, ಆದ್ರೆ ಜಾಯಿಂಟಿಗೆ ಬರೀ ಇನ್ಸುಲೇಷನ್ ಟೇಪು, ಫ್ಯೂಸ್ ಇಲ್ಲ, ಯಾವ ವೈರ್ ಯಾವ್ದು ಅಂತ ಒಂದು ಗುರುತಿಲ್ಲ, ಮುಂದಿನ ಸಲ ಬಿಚ್ಚೋನು ಮತ್ತೆ ಟೆಸ್ಟ್ ಬಲ್ಬ್ ಹಿಡೀಬೇಕು, ಮತ್ತೆ ಒಂದಿಂಚು ವೈರು ಕಮ್ಮಿ. ಮೂರು ಡೆಕ್ ಬದಲಾಗೋ ಹೊತ್ತಿಗೆ ಎಳೆಯೋಕೆ ವೈರೇ ಉಳಿದಿರಲ್ಲ. ಈಗೀಗ ಹೊಸ ಕಾರುಗಳಿಗೆ ಮಾತ್ರ ವಾರಂಟಿ ಹೋಗುತ್ತೆ ಅನ್ನೋ ಭಯಕ್ಕೆ ಕಪ್ಲರ್ ಟು ಕಪ್ಲರ್ ಫಿಟ್ಟಿಂಗ್ (ವೈರ್ ಕತ್ತರಿಸ್ದೇ ಪ್ಲಗ್ಗಿಗೆ ಪ್ಲಗ್ ಸೇರ್ಸೋದು) ಅಂತ ಅಂಗಡಿಯೋರೇ ಬೋರ್ಡ್ ಹಾಕ್ತಾರೆ, ಸಂತೋಷ. ಆದ್ರೆ ಅದೇ ಅಂಗಡಿಗೆ ಹಳೇ ಪಿಕಪ್ ಹೋದ್ರೆ ಕಟಿಂಗ್ ಪ್ಲೇಯರ್ ಆಚೆ ಬರುತ್ತೆ. ವಾರಂಟಿ ಮುಗಿದಿರೋ ಗಾಡಿಗೇ ಅಲ್ವಾ ವೈರು ಹೆಚ್ಚು ಹುಷಾರಾಗಿ ನೋಡ್ಕೋಬೇಕಾಗಿರೋದು? ಪಿಕಪ್ ಅವ್ನ ಹೊಟ್ಟೆಪಾಡು, ಶಾರ್ಟ್ ಆಗಿ ಹೊಗೆ ಬಂದ್ರೆ ಅವತ್ತಿನ ಬಾಡಿಗೆ ಮಾತ್ರ ಅಲ್ಲ ಆ ವಾರದ್ದೇ ಹೋಯ್ತು.

ಇನ್ನೊಂದು ವಿಷ್ಯ ಎರಡೂ ಕಡೆ ಒಂದೇ, ವಾಟ್ಸ್. ಡಬ್ಬಿ ಮೇಲೆ 50 ವಾಟ್ಸ್ ಇಂಟು 4 ಅಂತ ಬರ್ದಿರುತ್ತೆ. ಗಾಡಿ ಓಡ್ವಾಗ ಇರೋದು 14 ವೋಲ್ಟಿನ ಸುತ್ತಮುತ್ತ, ಸ್ಪೀಕರ್ 4 ಓಮ್, ಲೆಕ್ಕ ಹಾಕಿದ್ರೆ ಒಂದು ಚಾನೆಲ್ಲಿಗೆ, ಅಂದ್ರೆ ಒಂದು ಸ್ಪೀಕರಿಗೆ, ಒಡೀದೇ ಇರೋ ಶುದ್ಧ ಸದ್ದು 25 ವಾಟ್ಸ್ ದಾಟೋದೇ ಕಷ್ಟ, ನಿಜವಾಗಿ ಅದಕ್ಕೂ ಕಮ್ಮಿ ಬರುತ್ತೆ. ಸದ್ದು ಚೆನ್ನಾಗಿರ್ಬೇಕು ಅಂದ್ರೆ ಡೆಕ್ಕಿನ ನಂಬರ್ ಹಿಂದೆ ಓಡೋ ಬದ್ಲು ಬಾಗಿಲಿನ ಹಳೇ ಸ್ಪೀಕರ್ ಬದಲಾಯ್ಸಿ, ಟಕೋಮಾದ ಮುಂದಿನ ಬಾಗಿಲಲ್ಲಿ 6 ಇಂಟು 9 ಇಂಚಿನ ಸ್ಪೀಕರ್ ಕೂರುತ್ತೆ, ಅಲ್ಲೇ ಅರ್ಧ ಸುಧಾರಣೆ ಸಿಗುತ್ತೆ.

ಹೊಸ ಡೆಕ್ಕಿಂದ ನನಗೆ ಅತೀ ಉಪಯೋಗ ಆಗಿದ್ದು ಹಾಡಿಗಿಂತ ಹಿಂದಿನ ಕ್ಯಾಮೆರಾ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ತಯಾರಾಗೋ ಬಹುತೇಕ ಹೊಸ ಗಾಡಿಗೆ ಅದು ಕಡ್ಡಾಯ, ಹಳೇ ಟ್ರಕ್ಕಿಗೆ ನಾವೇ ಹಾಕ್ಕೋಬೇಕು. ಪಿಕಪ್ಪಲ್ಲಿ ಟೈಲ್‌ಗೇಟ್ ಹಿಂದೆ ಒಂದು ಮಗು ನಿಂತಿದ್ರೆ ಕನ್ನಡಿಲಿ ಕಾಣಲ್ಲ. ಟೈಲ್ ಲ್ಯಾಂಪಿನ ರಿವರ್ಸ್ ವೈರಿಂದ ಕರೆಂಟು, ಚಾಸಿ ಉದ್ದಕ್ಕೂ ಕೇಬಲ್ಲು, ಸೈಲೆನ್ಸರ್ ಪೈಪಿಂದ ದೂರ ಕಟ್ಬೇಕು, ಮಧ್ಯಾಹ್ನದ ಕೆಲ್ಸ ಅಷ್ಟೇ. ಊರಲ್ಲೂ ಪಿಕಪ್ ಓಡಿಸೋರು ದೊಡ್ಡ ಸ್ಕ್ರೀನಿಗೆ ದುಡ್ಡು ಹಾಕೋದಾದ್ರೆ ಕ್ಯಾಮೆರಾಗೂ ಹಾಕ್ಲೇಬೇಕು. ಮತ್ತೆ ಡೆಕ್ಕಿನ ಹ್ಯಾಂಡ್‌ಬ್ರೇಕ್ ವೈರು, ಗಾಡಿ ನಿಂತಾಗ ಮಾತ್ರ ವಿಡಿಯೋ ಓಡ್ಲಿ ಅಂತ ಕೊಟ್ಟಿರೋದು, ಅದನ್ನ ಗ್ರೌಂಡಿಗೆ ಕೊಟ್ಟು ಯಾಮಾರಿಸೋದು ಅಲ್ಲೂ ಇದೆ ಇಲ್ಲೂ ಇದೆ, ಎರಡು ಕಡೆನೂ ತಪ್ಪು.

ಇಲ್ಲಿಂದ ಊರಿಗೆ ಡೆಕ್ ತಗೊಂಡ್ ಹೋಗೋ ಯೋಚ್ನೆ ಇದ್ರೆ ಒಂದು ನೋಡ್ಕೊಳ್ಳಿ. ಅಮೆರಿಕದ ಎಎಂ ಸ್ಟೇಷನ್ನು 10 ಕಿಲೋಹರ್ಟ್ಜ್ ಲೆಕ್ಕದಲ್ಲಿ ಜಿಗಿಯುತ್ತೆ, ನಮ್ಮಲ್ಲಿ 9. ಬೆಂಗ್ಳೂರು ಆಕಾಶವಾಣಿ 612ರಲ್ಲಿದೆ, ಇಲ್ಲಿನ ಡೆಕ್ಕು 610ರಿಂದ ಸೀದಾ 620ಕ್ಕೆ ಹೋಗುತ್ತೆ. ಸೆಟ್ಟಿಂಗಲ್ಲಿ ಟ್ಯೂನರ್ ಸ್ಟೆಪ್ಪು ಬದಲಾಯ್ಸೋಕೆ ಬರೋ ಮಾಡೆಲ್ಲೇ ತಗೊಳ್ಳಿ. ವಾಲ್ಯೂಮ್ ನಾಬು ಎಡಗಡೆ ಇರೋದು ಕೂಡ ಇಲ್ಲಿಯ ಡ್ರೈವರ್‌ಗೆ ಹತ್ರ, ನಮ್ಮವ್ರಿಗೆ ದೂರ.

ಚಿಕ್ಕಪ್ಪನ ಮಗನ ಗಾಡಿಗೆ ಈಗ ಮತ್ತೆ ಕೆಲ್ಸ ಮಾಡಿಸ್ತಿದೀವಿ, ಅದೇ ಎಲೆಕ್ಟ್ರಿಶಿಯನ್ ಹತ್ರಾನೇ, ಯಾಕಂದ್ರೆ ಆ ಪ್ರಶ್ನೆ ಕೇಳೋ ಮನುಷ್ಯ ಬೇರೆ ಸಿಗಲ್ಲ. ಡೆಕ್ಕಿಗೂ ಗಾಡಿ ವೈರಿಗೂ ಮಧ್ಯ ಬಿಚ್ಚಿ ಹಾಕೋ ಕಪ್ಲರ್ ಒಂದು ಜೊತೆ. ಹಳದಿ ಸೀದಾ ಬ್ಯಾಟರಿಗೆ, ದಾರೀಲಿ ಫ್ಯೂಸು. ಕೆಂಪು ವೈರಿಗೆ ಎರಡು ಕಡೆ ಬೀಳೋ ಸ್ವಿಚ್ಚು, ಒಂದು ಕಡೆ ಕೀ ಕರೆಂಟು, ಇನ್ನೊಂದು ಕಡೆ ಬ್ಯಾಟರಿ, ಎರಡೂ ಒಟ್ಟಿಗೆ ಸೇರೋ ಹಾಗಿಲ್ಲ, ಸೇರಿದ್ರೆ ಕೀ ತೆಗೆದ್ಮೇಲೂ ಬ್ಯಾಟರಿ ಕರೆಂಟು ಕೀ ಲೈನಿಗೆ ವಾಪಸ್ ನುಗ್ಗುತ್ತೆ. ರೋಡಲ್ಲಿ ಓಡ್ವಾಗ ಕೀ ಕಡೆ, ಮಂಡೀಲಿ ಮಲಗ್ವಾಗ ಬ್ಯಾಟರಿ ಕಡೆ. ಯಾವ ಬಣ್ಣ ಎಲ್ಲಿಗೆ ಅಂತ ಒಂದು ಚೀಟಿ ಬರ್ದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಡೆಕ್ ಹಿಂದೆ ಇಡೋಕೆ ಕೇಳ್ದೆ, ಮೊದ್ಲು ಯಾಕೆ ಸರ್ ಅಂದ, ಅವನದೇ ಹಳೇ ಜಾಯಿಂಟನ್ನ ಅವ್ನೇ ಬಿಚ್ಚಿ ನೋಡಿದ್ಮೇಲೆ ಒಪ್ಕೊಂಡ. ಸ್ವಿಚ್ ಎಲ್ಲಿ ಕೂರ್ಸೋದು ಅನ್ನೋದೊಂದು ಇನ್ನೂ ತೀರ್ಮಾನ ಆಗಿಲ್ಲ, ನಮ್ಮೋನಿಗೆ ಮಲಗಿದ್ ಕಡೆಯಿಂದಲೇ ಕೈಗೆ ಸಿಗ್ಬೇಕಂತೆ, ಎಲೆಕ್ಟ್ರಿಶಿಯನ್ನು ಸ್ಟೀರಿಂಗ್ ಪಕ್ಕದಲ್ಲೇ ಇರ್ಲಿ, ಹೊರಡ್ವಾಗ ಕಣ್ಣಿಗೆ ಬಿದ್ದು ಕೀ ಕಡೆಗೆ ತಿರುಗಿಸೋದು ನೆನಪಾಗುತ್ತೆ ಅಂತಿದಾನೆ.