ಸತ್ಯಾಂಶ: ಗ್ರಾಫೀನ್‌ಗೆ ಆಯಸ್ಕಾಂತ ಅಂಟುತ್ತದೆಯೇ?

"ಲಸಿಕೆಯಲ್ಲಿ ಗ್ರಾಫೀನ್ ಇದೆ, ಅದಕ್ಕೇ ತೋಳಿಗೆ ಆಯಸ್ಕಾಂತ ಅಂಟುತ್ತದೆ" ಎಂಬ ಫಾರ್ವರ್ಡ್ ಕೋವಿಡ್ ಕಾಲದಿಂದ ಸುತ್ತುತ್ತಿದೆ. ಇದು ನಿಜವಲ್ಲ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರ ಪದಾರ್ಥಗಳ ಪಟ್ಟಿಯಲ್ಲೂ ಗ್ರಾಫೀನ್ ಇಲ್ಲ. ಇದ್ದಿದ್ದರೂ ಆಯಸ್ಕಾಂತ ಅಂಟುತ್ತಿರಲಿಲ್ಲ.

ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್‌ನ ಒಂದು ಪದರ, ಅಷ್ಟೇ. ಪೆನ್ಸಿಲ್ ಕಡ್ಡಿಗೆ ಆಯಸ್ಕಾಂತ ಅಂಟುವುದಿಲ್ಲ, ಅಲ್ವಾ? ಅದರ ಎಲೆಕ್ಟ್ರಾನ್‌ಗಳು ಜೋಡಿಯಾಗಿರುತ್ತವೆ. ಪ್ರತಿ ಎಲೆಕ್ಟ್ರಾನನ್ನೂ ಪುಟ್ಟ ಆಯಸ್ಕಾಂತದಂತೆ ಮಾಡುವ ಗುಣಕ್ಕೆ ಸ್ಪಿನ್ ಎನ್ನುತ್ತಾರೆ. ಜೋಡಿಯಲ್ಲಿ ಒಂದರ ಸ್ಪಿನ್ ಇನ್ನೊಂದರ ಸ್ಪಿನ್ನನ್ನು ಅಳಿಸಿಬಿಡುತ್ತದೆ.

ಹಾಗಂತ ಗ್ರಾಫೀನ್ ಮತ್ತು ಕಾಂತಗುಣದ ನಂಟು ಸುಮ್ನೆ ಹುಟ್ಟಿದ ಮಾತಲ್ಲ. ನನಗೆ ಬಹಳ ಇಷ್ಟವಾದ ಭಾಗ ಇದು. ಈ ಹಾಳೆಯ ಮೇಲೆ ಕೋಬಾಲ್ಟ್, ಕಬ್ಬಿಣದಂಥ ಲೋಹದ ಬಿಡಿ ಪರಮಾಣುಗಳನ್ನು ಕೂರಿಸಿದರೆ, ಆ ಜಾಗದಲ್ಲಿ ಪುಟ್ಟ ಕಾಂತಗುಣ ಬರಬಹುದು. ಎಲೆಕ್ಟ್ರಾನಿನ ಚಾರ್ಜ್ ಜೊತೆ ಸ್ಪಿನ್ನನ್ನೂ ಬಳಸಿ ಮಾಹಿತಿ ಇಡುವ ಸ್ಪಿನ್‌ಟ್ರಾನಿಕ್ಸ್‌ಗೆ ಇಂಥದ್ದೇ ಬೇಕು. ಆದರೆ ಈ ಪ್ರಯೋಗಗಳು ಹೆಚ್ಚಾಗಿ ನಡೆಯುವುದು ನಿರ್ವಾತದಲ್ಲಿ, ಕೊರೆಯುವ ಚಳಿಯಲ್ಲಿ. 2017ರಲ್ಲಿ ಒಂದೇ ಪದರದ ಬೇರೊಂದು ವಸ್ತು, ಕ್ರೋಮಿಯಂ ಟ್ರೈಅಯೋಡೈಡ್, ತಾನಾಗಿಯೇ ಕಾಂತವಾಗಿದ್ದು ಕಂಡುಬಂತು. ಅದೂ ಸುಮಾರು ಮೈನಸ್ 228 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ.

ತೋಳಿಗೆ ನಾಣ್ಯ, ಚಿಕ್ಕ ಆಯಸ್ಕಾಂತ ಅಂಟುವುದು ಬೆವರು, ಜಿಡ್ಡಿನಿಂದ. ಸ್ವಲ್ಪ ಪೌಡರ್ ಹಚ್ಚಿ ನೋಡಿ, ಜಾರಿ ಬೀಳುತ್ತದೆ.